ಏಟು ಹೊರಡುವ ಮುನ್ನ

ಬಸ್ ಕಂಡಕ್ಟರ್ ವನಜಾಕ್ಷಿ ಡ್ಯೂಟಿ ಮುಗಿಸಿ ಬಂದವಳು ಖಾಕಿ ಕೋಟನ್ನೂ ಬಿಚ್ಚದೆ ಸೀದಾ ತಾರಸಿ ಹತ್ತಿದಳು. ಭಾನುವಾರ ಮಗಳ ಕರಾಟೆ ಪಂದ್ಯ. ಏಟು ತಡೆಯುವ ಅಭ್ಯಾಸಕ್ಕೆ ಆ ಮನೆಯಲ್ಲಿ ಸಿಗುವ ಎದುರಾಳಿ ಅವಳೊಬ್ಬಳೇ.

ಮೂರು ವಾರದಿಂದ ಒಂದು ಮಾತನ್ನು ಅವಳು ಮಗಳಿಗೆ ಹೇಳದೆ ಮುಂದೂಡುತ್ತಲೇ ಬಂದಿದ್ದಳು. ಹೆಂಡತಿಯನ್ನು ಕಳೆದುಕೊಂಡಿದ್ದ ಡಿಪೋದ ನಾಗಭೂಷಣ, ಮದುವೆಯಾಗೋಣವೇ ಎಂದು ಕೇಳಿದ್ದ. ಗಂಡ ತೀರಿಕೊಂಡ ಒಂಬತ್ತು ವರ್ಷಗಳಲ್ಲಿ ಮೊದಲ ಸಲ ಅವಳ ಮನಸ್ಸು ಹೂಂ ಎಂದಿತ್ತು. ಇವತ್ತು ಸಂಜೆಯೊಳಗೆ ಉತ್ತರ ಹೇಳುತ್ತೇನೆಂದು ಮಾತು ಕೊಟ್ಟಾಗಿತ್ತು. ಆದರೆ ಮಗಳಿಗೆ ತಿಳಿಸದೆ ಹೇಳುವುದು ಹೇಗೆ?

ವನಜಾಕ್ಷಿ ಕೈ ಬೀಸಿದಳು. ಅದು ಅರ್ಧ ದಾರಿಗೂ ಬರಲಿಲ್ಲ, ಮಗಳು ಮಣಿಕಟ್ಟನ್ನು ಅಲ್ಲೇ ಹಿಡಿದು ಅದುಮಿದಳು.

"ಏನಮ್ಮಾ, ಟಿಕೆಟ್ ಹರಿಯೋ ಕೈಗೆ ಇಷ್ಟೇನಾ ಜೋರು? ಸರಿಯಾಗಿ ಹೊಡಿ!"

"ಹೊಡೆಯೋಕೆ ನೀನೆಲ್ಲಿ ಬಿಡ್ತೀಯೇ?"

"ಏಟು ಮೈಮೇಲೆ ಬರೋವರ್ಗೂ ಕಾಯ್ಬಾರ್ದು. ಹೊರಡೋ ಮುಂಚೆನೇ ಅದನ್ನ ಮುಗಿಸ್ಬಿಡ್ಬೇಕು ಅಂತಾರೆ ನಮ್ ಸರ್."

ತಾಯಿ ಎಡಗೈ ಬೀಸಿದಳು. ಅದೂ ಸಿಕ್ಕಿಬಿತ್ತು. ಎರಡು ಕೈಯೂ ಮಗಳ ಹಿಡಿತದಲ್ಲಿರುವಾಗಲೇ ಹೇಗೋ ಧೈರ್ಯ ಮಾಡಿದಳು.

"ಸಿಂಚನಾ, ನಿಂಗೊಂದು ವಿಷಯ ಹೇಳ್ಬೇಕಿತ್ತು ಕಣೇ..."

"ಬೇಡ, ನಂಗೆ ಗೊತ್ತು. ನಿನ್ ಫೋನಲ್ಲಿ ಮೆಸೇಜ್ ನೋಡ್ದೆ," ಎಂದಳು ಮಗಳು, ಹಿಡಿತ ಸಡಿಲಿಸದೆ. "ನಾಗಭೂಷಣ ಅಂಕಲ್‌ಗೆ ಬೆಳಿಗ್ಗೆನೇ ಫೋನ್ ಮಾಡಿ, ಅಮ್ಮಂಗೆ ಇಷ್ಟ ಇಲ್ವಂತೆ ಅಂತ ಹೇಳ್ಬಿಟ್ಟೆ."