ಎದ್ದನೋ, ಕೂತೇ ಇದ್ದನೋ

ಬಾರ್ಸಿಲೋನಾದಲ್ಲಿ ಯಾರು ಗೋಲು ಹೊಡೆದರೂ ಮೊದಲು ಗೊತ್ತಾಗುವುದು ನನಗೆ, ಆಮೇಲೆ ಹೊಡೆದವನಿಗೆ. ಅರ್ಧ ಸುಳ್ಳು ಅಂತಲೇ ಇಟ್ಟುಕೊಳ್ಳಿ. ಉಳಿದರ್ಧ ನನ್ನ ಗಂಡ ಬಿಟ್ಟುಹೋದ ಬೆಂಕಿಪೊಟ್ಟಣದಂಥ ರೇಡಿಯೊದ ಪುಣ್ಯ. ಬಾರಿನ ಟಿವಿಯಲ್ಲಿ ಆಟಗಾರ ಇನ್ನೂ ಚೆಂಡಿನ ಹಿಂದೆ ಓಡುತ್ತಿರುತ್ತಾನೆ. ನನ್ನ ಕಿವಿಯಲ್ಲಿ ರೇಡಿಯೊದವನು ಗೋಲೆಂದು ಕೂಗಿ, ಕೆಮ್ಮಿ, ನೀರು ಕುಡಿದು ಮುಗಿಸಿರುತ್ತಾನೆ.

ಲೀಗಿನ ಕಡೇ ಭಾನುವಾರ, ವಿರಾಮದ ಹೊತ್ತಿಗೆ ಎಲೋಯಿ ಬಾರಿನೊಳಗೆ ಬಂದ. ಅವನ ಕೊರಳಲ್ಲಿ ನೀಲಿ-ಬಿಳಿ ಶಾಲು ನೋಡಿ ಬಾರಿನ ಯಜಮಾನಿಯ ಕೈಯಿಂದ ಆಲಿವ್ ತಟ್ಟೆ ಜಾರಿತು. ಎಲೋಯಿ ಹುಟ್ಟಿದಾಗ ಅಳಲಿಲ್ಲವಂತೆ, ಊರಿನ ದೊಡ್ಡ ಫುಟ್‌ಬಾಲ್ ಕ್ಲಬ್ಬಿನ ಹೆಸರು ಹಿಡಿದು 'ಬಾರ್ಸಾ' ಅಂದನಂತೆ. ನೀಲಿ-ಬಿಳಿಯೋ ಇದೇ ಊರಿನ ಎದುರು ಪಾಳಯದ್ದು, ಎಸ್ಪನ್ಯೋಲ್‌ನದು, ನನ್ನ ಮೈದುನ ಬೆರ್ನಾತನದು. ಬೆರ್ನಾತನ ಮಗಳನ್ನು ಎಲೋಯಿಯ ಮಗನಿಗೇ ಕೊಟ್ಟಿದೆ. ಆ ಮದುವೆಯ ದಿನ ಭೂಕಂಪ ಆಗದಿದ್ದದ್ದು ಊರಿನ ಅದೃಷ್ಟ.

"ಯಾರ ಮನೇಲಿ ಕದ್ರಿ ಬೀಗರೇ ಅದನ್ನ?" ಎಂದು ಬೆರ್ನಾತ್ ಕೆಣಕಿದ.

"ದುಡ್ಡು ಕೊಟ್ಟು ತಗೊಂಡಿದ್ದು ಕಣಯ್ಯಾ. ಅಂಗಡಿಯವನು ನನ್ನ ಮುಖ ನೋಡಿ, ಮನೇಲಿ ಯಾರಾದ್ರೂ ತೀರ್ಕೊಂಡ್ರಾ ಅಂತ ಕೇಳಿದ. ಏನ್ ಮಾಡ್ಲಿ, ಇವತ್ತು ನಾನು ನಿಮ್ಮವನೇ."

ಸಂಗತಿ ಇಷ್ಟೆ. ಬಾರ್ಸಾ ಬೇರೆ ಮೈದಾನದಲ್ಲಿ ನಾಲ್ಕು ಗೋಲು ಹೊಡೆದು ಕಾಲು ಚಾಚಿತ್ತು. ಇಲ್ಲಿ ಟಿವಿಯಲ್ಲಿ ಮ್ಯಾಡ್ರಿಡ್ ಎಸ್ಪನ್ಯೋಲ್‌ಗಿಂತ ಒಂದು ಗೋಲು ಮುಂದಿತ್ತು. ಹೀಗೇ ಮುಗಿದರೆ ಲೀಗ್ ಮ್ಯಾಡ್ರಿಡ್‌ನದು. ಎಸ್ಪನ್ಯೋಲ್ ಒಂದೇ ಒಂದು ಗೋಲು ಹೊಡೆದು ಸಮ ಮಾಡಿದರೂ ಸಾಕು, ಲೀಗ್ ಬಾರ್ಸಾದ್ದು. ಅದಕ್ಕೇ ಎಲೋಯಿ ಜನ್ಮವೈರಿಗೆ ಜೈ ಅನ್ನುತ್ತಿದ್ದ. ಬೆರ್ನಾತ್ ತನ್ನವರೇ ಸೋಲಲಿ ಎಂದು ಬೆಳಿಗ್ಗೆ ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿ ಬಂದಿದ್ದ.

"ನಾಚಿಕೆ ಆಗಲ್ವೇನೋ, ನಿನ್ನವರೇ ಸೋಲ್ಲಿ ಅಂತೀಯಲ್ಲ!"

"ಸೋಲೋದನ್ನ ವರ್ಷಗಟ್ಟಲೆ ಕಲಿತಿದ್ದಾರೆ. ಇವತ್ತೊಂದು ದಿನ ಆ ವಿದ್ಯೆ ಪ್ರಯೋಜನಕ್ಕೆ ಬರ್ಲಿ ಬಿಡಿ. ನೀವು ಕುಣಿಯೋದನ್ನ ನೋಡೋ ಬದಲು ನಾನು ಕಣ್ಣು ಕಿತ್ತು ಈ ಆಲಿವ್ ಜೊತೆ ಬಡಿಸ್ತೀನಿ."

"ಬಾಯಲ್ಲಿ ಹೇಳ್ತೀಯ. ನಿನ್ನವರು ಗೋಲು ಹೊಡೀಲಿ, ಕುರ್ಚಿ ಬಿಟ್ಟು ಎದ್ದೇ ಏಳ್ತೀಯ. ರಕ್ತ ಕೂತಿರಲ್ಲ."

"ಏಳಲ್ಲ."

"ಎದ್ರೆ?"

"ಎದ್ರೆ ಮೊಮ್ಮಗನ್ನ ನಿಮ್ಮ ಕ್ಲಬ್ಬಿಗೇ ಸೇರಿಸ್ಕೊಳ್ಳಿ!"

ಕಾಫಿ ಯಂತ್ರವೂ ಉಸಿರು ಹಿಡಿಯಿತು. ಆ ಮನೆಯಲ್ಲಿ ಹುಟ್ಟಿದವರೆಲ್ಲ, ಬೆರ್ನಾತನ ಅಜ್ಜನ ಕಾಲದಿಂದ, ಮೊದಲು ಎಸ್ಪನ್ಯೋಲ್ ಸದಸ್ಯರಾಗಿ ಆಮೇಲೆ ಹಾಲು ಕುಡಿದವರು. ಬೆರ್ನಾತನಿಗೆ ಒಬ್ಬಳೇ ಮಗಳು. ಅವಳಿಗೆ ಇದೊಂದೇ ಕೂಸು, ಇನ್ನೂ ಹೊಕ್ಕುಳು ಒಣಗಿಲ್ಲ. ಅದು ಕೈಬಿಟ್ಟರೆ ವಂಶಕ್ಕೆ ಪೂರ್ಣವಿರಾಮ. ಮಗುವಿನ ಅಪ್ಪ ಅಮ್ಮನನ್ನು ಕೇಳಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. ಅವರೇನು, ಹೆತ್ತವರು ಅಷ್ಟೇ.

"ಏಳದೇ ಇದ್ರೆ ನಾನೇ ಎತ್ಕೊಂಡು ಹೋಗಿ ನಿಮ್ಮ ಕ್ಲಬ್ಬಿಗೆ ಸೇರಿಸ್ತೀನಿ," ಎಂದ ಎಲೋಯಿ, ಎದೆ ತಟ್ಟಿಕೊಂಡು.

"ಗೋಲೇ ಬೀಳದಿದ್ರೆ?" ಎಂದೆ ನಾನು. "ಮಗು ದೊಡ್ಡದಾಗಿ ತಾನೇ ಆರಿಸ್ಕೊಳ್ಳುತ್ತಾ?"

"ಅಂಥ ಗತಿ ಯಾವ ಮಗೂಗೂ ಬರೋದು ಬೇಡ!" ಎಂದು ಇಬ್ಬರೂ ಒಟ್ಟಿಗೇ ಶಿಲುಬೆಯ ಗುರುತು ಹಾಕಿಕೊಂಡರು. ಆ ಇಬ್ಬರು ಒಂದು ವಿಷಯಕ್ಕೆ ಒಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಆಟ ಮುಗಿಯಲು ಉಗುರು ಕಚ್ಚುವಷ್ಟು ಹೊತ್ತು ಉಳಿದಿತ್ತು. ಟಿವಿಯಲ್ಲಿ ಎಸ್ಪನ್ಯೋಲ್ ಹುಡುಗನೊಬ್ಬ ಚೆಂಡನ್ನು ಮೂಲೆಯಲ್ಲಿಟ್ಟು ಕಾಲುಚೀಲ ಎಳೆದುಕೊಳ್ಳುತ್ತಿದ್ದ. ನನ್ನ ಕಿವಿಯಲ್ಲಿ ರೇಡಿಯೊದವನು ಬೊಬ್ಬೆ ಹೊಡೆದ. ಗೋಲು! ನಾನು ಟಿವಿ ಬಿಟ್ಟು ಬೆರ್ನಾತನ ಕಡೆಗೆ ತಿರುಗಿ ಕೂತೆ. ಪಾಪ, ಕುರ್ಚಿಯ ಎರಡೂ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದ, ವಿಮಾನ ಬೀಳುತ್ತಿದೆಯೇನೋ ಎಂಬಂತೆ.

ಟಿವಿಯಲ್ಲಿ ಚೆಂಡು ಬಲೆಗೆ ಬಿತ್ತು. ಬಾರಿಗೆ ಬಾರೇ ಮೇಲೆದ್ದಿತು. ಎಲೋಯಿ ಟಿವಿಯನ್ನು ತಬ್ಬಿ ಮುತ್ತಿಟ್ಟ. ಬೆರ್ನಾತನ ಗಂಟಲಿಂದ ಒಂದು ಕೂಗು ಹೊರಟಿತು, ಅದನ್ನು ಕೇಳಿ ಸಮುದ್ರದ ಮೀನು ದಡಕ್ಕೆ ಹಾರಿರಬೇಕು. ಮಂಡಿ ನೆಟ್ಟಗಾಯಿತು, ಮನುಷ್ಯ ಮೇಲಕ್ಕೆ ಚಿಮ್ಮಿದ. ಕೈ ಮಾತ್ರ ಕುರ್ಚಿ ಬಿಡಲಿಲ್ಲ. ಚಿಪ್ಪು ಹೊತ್ತ ಬಸವನಹುಳುವಿನ ಹಾಗೆ ಕುರ್ಚಿ ಸಮೇತ ಹಾರಿ, ಕುರ್ಚಿ ಸಮೇತ ಕೆಳಗಿಳಿದ. ಆಮೇಲೆ ಕಣ್ಣು ತುಂಬಿಕೊಂಡು ಗೋಡೆ ನೋಡುತ್ತಾ ಕೂತ.

ಎಲೋಯಿ ಟಿವಿ ಬಿಟ್ಟು ಇತ್ತ ತಿರುಗಿದ. "ಎದ್ದ ತಾನೇ? ಯಾರು ನೋಡಿದ್ರಿ? ಎದ್ದ ತಾನೇ?"

"ಕೂತಿದ್ದೀನಲ್ಲ, ಕಣ್ಣು ಕಾಣಲ್ವಾ?"

ಯಾರು ನೋಡಿದ್ದರು? ಎಲ್ಲರ ಕಣ್ಣೂ ಟಿವಿಯಲ್ಲಿತ್ತು. ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು.

"ರೆಮೇಯಕ್ಕ, ಸತ್ತ ಗಂಡನ ಮೇಲೆ ಆಣೆ ಇಟ್ಟು ಹೇಳು," ಎಂದ ಎಲೋಯಿ. "ಇವನು ಎದ್ನೋ ಇಲ್ವೋ?"

"ಅತ್ತಿಗೆ," ಎಂದ ಬೆರ್ನಾತ್, "ಅದೆಲ್ಲ ಬೇಡ. ನನ್ನ ಅಂಡು ಕುರ್ಚಿ ಬಿಡ್ತಾ? ಅಷ್ಟು ಹೇಳು ಸಾಕು."

ಹೇಳಿದೆ. ಅವತ್ತಿನಿಂದ ಆ ಇಬ್ಬರಲ್ಲಿ ಒಬ್ಬ ಪ್ರತಿ ಭಾನುವಾರ ನನಗೆ ವೆರ್ಮುತ್ ವೈನ್ ಕುಡಿಸುತ್ತಾನೆ, ಇನ್ನೊಬ್ಬ ನನ್ನನ್ನು ಕಂಡರೆ ರಸ್ತೆ ದಾಟುತ್ತಾನೆ. ಯಾವನು ಯಾವನು, ನೀವೇ ಹೇಳಿ ನೋಡೋಣ.