ಗುಜರಿಯವನ ಗೋಡೆ ಗಡಿಯಾರ

ಗಡಿಯಾರ ಸುಳ್ಳು ಹೇಳುತ್ತಿರಬೇಕು, ಇಲ್ಲವೇ ಗುಜರಿಯವ.

ಅವಳ ಅಂಗಡಿಯ ಗೋಡೆಯಲ್ಲಿ ಬೆಳಗಿನ ಒಂಬತ್ತು ಗಂಟೆ. ಗುಜರಿಯವ ಆಗಷ್ಟೇ ಕಳಿಸಿದ ಫೋಟೋದಲ್ಲಿ, ಗಿಟಾರಿನ ಹಿಂದಿನ ಗೋಡೆಯ ಅಂಕಿಯಿಲ್ಲದ ಗಡಿಯಾರದಲ್ಲಿ, ಮೂರು ಗಂಟೆ. ಅವಳು ಫೋನು ಹಚ್ಚಿದಳು.

"ಇದು ಯಾವಾಗ ತೆಗೆದ ಫೋಟೋ?"

"ಈಗ ತಾನೇ ತೆಗ್ದೆ ಮೇಡಂ."

"ನಿಮ್ಮ ಗಡಿಯಾರ ಕೆಟ್ಟಿದೆಯಾ?"

"ಇಲ್ಲಪ್ಪ. ಒಂದು ನಿಮಿಷ ಆಚೀಚೆ ಆಗಲ್ಲ ಅದು."

ಮೊದಲ ಮಾತಿಗೇ ಸಿಕ್ಕಿಬಿದ್ದನಲ್ಲ ಎಂದುಕೊಂಡಳು. ಹಳೆಯ ಫೋಟೋ ಕಳಿಸಿ ಹೊಸದು ಎನ್ನುವವನ ಬಳಿ ಮಾಲು ಇನ್ನೆಷ್ಟು ನೆಟ್ಟಗಿದ್ದೀತು?

ಗಿಟಾರು ರಿಪೇರಿ ಅವಳ ಕಸುಬು. ಜನ ತಮ್ಮ ಹಳೆಯ ಗಿಟಾರುಗಳ ಫೋಟೋ ಕಳಿಸುತ್ತಾರೆ. ಅವಳು ಸ್ಥಿತಿ ನೋಡಿ ಬೆಲೆ ಹೇಳುತ್ತಾಳೆ. ಅದರಿಂದ ಬರುವ ಕಾಸು ಅಷ್ಟಕ್ಕಷ್ಟೇ. ಆದರೂ ಬಿಟ್ಟಿರಲಿಲ್ಲ. ಆ ಫೋಟೋಗಳ ರಾಶಿಯಲ್ಲಿ ಅವಳು ಹುಡುಕುತ್ತಿದ್ದುದು ಒಂದನ್ನೇ, ತಮ್ಮನ ಗಿಟಾರು. ಅಪ್ಪ ಎಡಚ, ತಮ್ಮನೂ ಎಡಚ. ಎಡಗೈಯವರಿಗೆಂದೇ ಮಾಡಿದ ಆ ಗಿಟಾರು ಅಪ್ಪನಿಂದ ತಮ್ಮನಿಗೆ ಬಂದಿತ್ತು. ಯಾರೋ ಇದೇ ಅಂಗಡಿಯ ಬೀಗ ಒಡೆದು ಹೊತ್ತೊಯ್ದರು. ಅಂದಿನಿಂದ ತಮ್ಮ ಬೇರೆ ಗಿಟಾರು ಮುಟ್ಟಿಲ್ಲ. ಮೂಲೆಯಲ್ಲಿ ಕೂತು ಅಕ್ಕನ ಗಿರಾಕಿಗಳ ಗಿಟಾರಿಗೆ ತಿರುಪು ಬಿಗಿದುಕೊಡುತ್ತಾನೆ, ಅಷ್ಟೆ. ಅದನ್ನು ನೋಡುವಾಗೆಲ್ಲ ಅವಳ ಹೊಟ್ಟೆ ಉರಿಯುತ್ತಿತ್ತು.

ಫೋಟೋ ಹಿಗ್ಗಿಸಿದಳು. ಅದೇ ತಯಾರಿಕೆ, ಅದೇ ಜೇನುಬಣ್ಣ. ತಂತಿ ಬಿಗಿಯುವ ಆರು ಬಿರಡೆಗಳಲ್ಲಿ ಒಂದರ ಬಣ್ಣ ಬೇರೆ. ತಮ್ಮನದರಲ್ಲೂ ಒಂದು ಬದಲಾಗಿತ್ತು. ಆದರೆ ಆ ಕಾಲದ ಗಿಟಾರುಗಳಲ್ಲಿ ಬಿರಡೆ ಮುರಿಯದಿದ್ದುದೇ ಕಡಿಮೆ. ಗಿಟಾರಿನ ತಲೆಯ ಮೇಲಿನ ಕಂಪನಿ ಹೆಸರನ್ನು ಯಾರೋ ಉಜ್ಜಿ ತೆಗೆದಿದ್ದರು.

"ಇದು ಎಲ್ಲಿಂದ ಬಂತು ನಿಮಗೆ?"

"ಗುಜರಿಗೆ ಎಲ್ಲೆಲ್ಲಿಂದಲೋ ಬರುತ್ತೆ. ಯಾರು ಕೊಟ್ರು ಅಂತ ನಾವು ಹೇಳಲ್ಲ ಮೇಡಂ."

"ಒಳಗಡೆ ಒಂದು ನಂಬರಿನ ಚೀಟಿ ಅಂಟಿಸಿರ್ತಾರೆ. ಅದರ ಫೋಟೋ ಕಳಿಸಿ."

"ಆಗಲ್ಲವಲ್ಲ. ಫೋನು ಬಿದ್ದು ಹಿಂದಿನ ಕ್ಯಾಮೆರಾ ಒಡೆದೋಗಿದೆ. ಮುಂದಿನದರಲ್ಲೇ ಹೇಗೋ ಹಿಡಿದು ಕಳಿಸ್ತಿದೀನಿ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಚೀಟಿ ತೋರಿಸಲಾಗದವನಿಗೆ ಕ್ಯಾಮೆರಾ ಡೊಂಕು.

ಮೂಲೆಯಿಂದ ತಮ್ಮ ತಲೆಯೆತ್ತಿದ. "ಏನಕ್ಕಾ?"

"ಏನಿಲ್ಲ, ನಿನ್ನ ಕೆಲಸ ನೋಡು," ಎಂದಳು. ಹಿಂದೆ ಮೂರು ಸಲ ಆಸೆ ತೋರಿಸಿ ಅವನನ್ನು ನೋಯಿಸಿದ್ದು ಸಾಕಾಗಿತ್ತು.

ಎಡಗೈ ಎಂಬ ಮಾತನ್ನು ಗುಜರಿಯವನ ಮುಂದೆ ಅವಳು ಎತ್ತಲೇ ಇಲ್ಲ. ಎತ್ತಿದರೆ ಕಳ್ಳ ಎಚ್ಚರವಾಗುತ್ತಾನೆ, ಮಾಲು ಮಾಯವಾಗುತ್ತದೆ. ಗಿಟಾರನ್ನು ನೆಟ್ಟಗೆ ನಿಲ್ಲಿಸಿ, ಎದುರಿನಿಂದ ಪೂರ್ತಿ ಕಾಣುವಂತೆ ಒಂದು ಫೋಟೋ ಕಳಿಸಿ ಎಂದಷ್ಟೇ ಕೇಳಿದಳು. ಅದೊಂದು ಸಾಕಿತ್ತು. ಮೀಟುವ ಕೈ ಮರವನ್ನು ಗೀರದಂತೆ ಅಂಟಿಸುವ ಕಪ್ಪು ಪಟ್ಟಿ ಎಲ್ಲರ ಗಿಟಾರಿನಲ್ಲಿ ನೋಡುವವರ ಬಲಕ್ಕಿರುತ್ತದೆ. ತಮ್ಮನದರಲ್ಲಿ ಎಡಕ್ಕೆ.

ಫೋಟೋ ಬಂತು. ಫೋನನ್ನು ಸ್ಟೂಲಿನ ಮೇಲೆ ಒರಗಿಸಿ ತೆಗೆದದ್ದು. ಗಿಟಾರಿನ ಪಕ್ಕದಲ್ಲೇ ಗುಜರಿಯವ ಅದರ ಕತ್ತು ಹಿಡಿದು ನಿಂತಿದ್ದ. ಮಾಸಿದ ಅಂಗಿ, ಬಲ ಎದೆಯ ಜೇಬಿನಲ್ಲಿ ಎರಡು ಪೆನ್ನು, ಮದುವೆ ಗಂಡಿನಂತೆ ಒಂದು ನಗು. ಆ ನಗು ಅವಳಿಗೆ ಸೇರಲಿಲ್ಲ. ಕಣ್ಣನ್ನು ಪಟ್ಟಿಯ ಕಡೆ ಹೊರಳಿಸಿದಳು.

ಬಲಕ್ಕಿತ್ತು.

ಅವಳು ಕುರ್ಚಿಗೆ ಒರಗಿದಳು. ಮತ್ತೊಂದು ಸಲ ಪಟ್ಟಿ ನೋಡಿದಳು, ಬಲಕ್ಕೇ ಇತ್ತು. ಹಾಗಾದರೆ ಇವನು ಕಳ್ಳನೇ ಆಗಿದ್ದರೂ ಬೇರೆ ಯಾರದೋ ಕಳ್ಳ. ಆಮೇಲೆ ಕಸುಬಿನ ಕಣ್ಣಿನಿಂದ ನೋಡಿದಳು. ಕತ್ತು ಬಾಗಿದೆ, ಹೊಟ್ಟೆ ಕುಸಿದಿದೆ, ತಂತಿ ಕಟ್ಟುವ ಸೇತುವೆ ಎದ್ದಿದೆ. ತಮ್ಮನದಾಗಿದ್ದರೆ ಚೂರುಚೂರಾಗಿದ್ದರೂ ಕೂಡಿಸಿ ಅಂಟಿಸುತ್ತಿದ್ದಳು.

"ರಿಪೇರಿ ಖರ್ಚೇ ಅದರ ಬೆಲೆ ಮೀರುತ್ತೆ," ಎಂದಳು. "ಇಂಥವು ಬೇಕಾದಷ್ಟಿವೆ."

"ಬಡಗಿಯೊಬ್ರು ಕೇಳ್ತಿದಾರೆ. ಹೊಟ್ಟೆ ಕೊಯ್ದು ಗೋಡೆಗೆ ಶೆಲ್ಫ್ ಮಾಡ್ತಾರಂತೆ." ಅವನು ತಡವರಿಸಿದ. "ಯಾರೋ ಪ್ರೀತಿಯಿಂದ ನುಡಿಸಿದ್ದು ಅನ್ಸುತ್ತೆ. ಕೊಯ್ಯೋಕೆ ಕೊಡೋದಕ್ಕೆ ಮನಸ್ಸು ಬರಲ್ಲ. ನೀವು ಇಷ್ಟೆಲ್ಲ ಕೇಳಿದ್ರಲ್ಲ, ಯಾವುದಾದ್ರೂ ಗಿಟಾರ್ ಹುಡುಕ್ತಿದೀರಾ ಮೇಡಂ? ಹೇಳಿದ್ರೆ ನಾನೂ ಕಣ್ಣಿಟ್ಟಿರ್ತೀನಿ."

ಒಳ್ಳೆಯ ಮಾತಾಡಿ ಬಾಯಿ ಬಿಡಿಸುವವರನ್ನು ಅವಳು ಬಹಳ ಕಂಡಿದ್ದಳು.

"ಏನೂ ಹುಡುಕ್ತಿಲ್ಲ," ಎಂದಳು. "ಬಡಗಿಗೇ ಕೊಟ್ಬಿಡಿ."

ಮರುದಿನ ಸಂಜೆ ಇನ್ನೊಂದು ಫೋಟೋ ಬಂತು. ಕೆಳಗೆ ಬರೆದಿತ್ತು: 'ನಿಮ್ಮ ಮಾತಿನಂತೆ ಕೊಟ್ಟೆ ಮೇಡಂ. ಬಡಗಿ ಅವರ ಫೋನಿನಲ್ಲಿ ತೆಗೆದರು, ಚೆನ್ನಾಗಿ ಬಂದಿದೆ.'

ಚೆನ್ನಾಗಿಯೇ ಬಂದಿತ್ತು. ಗೋಡೆಯ ಮೇಲೆ ಹೊಟ್ಟೆ ಕೊಯ್ದ ಗಿಟಾರು, ಒಳಗೆ ಎರಡು ಹಲಗೆ. ಪಕ್ಕದಲ್ಲಿ ಅದೇ ಮಾಸಿದ ಅಂಗಿಯ ಗುಜರಿಯವ, ಅದೇ ಎರಡು ಪೆನ್ನು. ಜೇಬು ಮಾತ್ರ ಎಲ್ಲರ ಅಂಗಿಯಂತೆ ಎಡ ಎದೆಯ ಮೇಲಿತ್ತು. ಅವಳ ಕಣ್ಣು ಜೇಬಿನಿಂದ ಗಿಟಾರಿಗೆ ಸರಿಯಿತು. ಗರಗಸ ತಾಗದೆ ಉಳಿದ ಕಪ್ಪು ಪಟ್ಟಿ ಎಡಕ್ಕಿತ್ತು.

"ಯಾರದ್ದಕ್ಕಾ ಫೋಟೋ?" ತಮ್ಮ ತಿರುಪುಳಿ ಕೆಳಗಿಟ್ಟು ಎದ್ದು ಬಂದ.

ಗಡಿಯಾರ ಸುಳ್ಳು ಹೇಳಿರಲಿಲ್ಲ, ಗುಜರಿಯವನೂ ಹೇಳಿರಲಿಲ್ಲ. ಅವನ ಫೋನಿನ ಮುಂದಿನ ಕ್ಯಾಮೆರಾ ಕನ್ನಡಿಯಂತೆ ಒಂಬತ್ತನ್ನು ಮೂರು ಮಾಡಿ, ಎಡವನ್ನು ಬಲ ಮಾಡಿ, ತಮ್ಮನ ಗಿಟಾರನ್ನು ಎಲ್ಲರ ಗಿಟಾರು ಮಾಡಿ ಕಳಿಸಿತ್ತು.