ಉಹೂಂ

ಸಹಿಯ ಕಾಲ ಮುಗಿದು, ಬ್ಯಾಂಕು ಕೊರಳಿಗೆ ಕಟ್ಟಿದ ಮಾತಾಡುವ ಕಾರ್ಡಿಗೆ ‘ಹೂಂ’ ಎಂದರೆ ಸಾಕು, ಸಾಲ ಸಿಕ್ಕಿತು ಎಂದಾದ ಮೇಲೆ ಮೈಸೂರಿನವರು ಹರಟೆ ಕೇಳುವಾಗಲೂ ಹೂಂಗುಟ್ಟದೆ ಬರೀ ತಲೆಯಾಡಿಸುವುದನ್ನು ರೂಢಿ ಮಾಡಿಕೊಂಡಿದ್ದರು. ಅಂಬುಜಮ್ಮನೂ ಅಷ್ಟೇ. ಆದರೂ ಮನೆಗೆ ಎರಡು ಫ್ರಿಜ್ಜು, ಒಂದು ಟ್ರೆಡ್‌ಮಿಲ್ಲು ಸಾಲದಲ್ಲಿ ಬಂದು ಕೂತಿದ್ದವು. ಕೇಳೋಣವೆಂದು ಬ್ಯಾಂಕಿಗೆ ಹೋದರು. ಮ್ಯಾನೇಜರ್ ಚಿನ್ಮಯನ ಕೊರಳಲ್ಲೂ ಕಾರ್ಡಿತ್ತು. ಅವನು ಯಾರಿಗೆ ‘ಹೂಂ’ ಎಂದರೂ ಅದು ಬ್ಯಾಂಕೇ ಒಪ್ಪಿದ ಲೆಕ್ಕ.

ಅವರು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಅವರ ಕಾರ್ಡು ಕೇಳಿತು: “ಮೂರನೇ ಫ್ರಿಜ್ಜಿಗೆ ಸಾಲ ಬೇಕಾ ಅಮ್ಮಾ?”

“ಉಹೂಂ.”

“ಒಪ್ಪಿಗೆ ಸಿಕ್ಕಿತು. ಧನ್ಯವಾದ.”

“ನೋಡಿದ್ಯೇನಪ್ಪಾ?” ಎಂದರು ಅಂಬುಜಮ್ಮ.

“ಅದರ ಕಿವಿಗೆ ಕೊನೇ ಹೂಂ ಒಂದೇ ಬೀಳೋದು ಅಮ್ಮಾ,” ಎಂದ ಚಿನ್ಮಯ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. “ನೀವು ಬಾಯಿಬಿಟ್ಟು ಬೇಡ ಅನ್ಬೇಕಿತ್ತು.”

“ಕಿವಿ ಮಂದ ಅಂತ ಗೊತ್ತಿದ್ದೂ ನನ್ನ ಕೊರಳಿಗೆ ಕಟ್ಟಿದ್ರಲ್ಲಪ್ಪಾ! ಹಾಗಾದ್ರೆ ಈ ಸಾಲವೆಲ್ಲಾ ಬ್ಯಾಂಕೇ ಹೊತ್ಕೊಳ್ಳುತ್ತಾ?”

ಚಿನ್ಮಯ ನಕ್ಕು ತಲೆ ಅಲ್ಲಾಡಿಸಿದ. “ಉಹೂಂ.”

“ಒಪ್ಪಿಗೆ ಸಿಕ್ಕಿತು,” ಎಂದಿತು ಅವನ ಕೊರಳಿನ ಕಾರ್ಡು. “ಧನ್ಯವಾದ.”

ಅಂಬುಜಮ್ಮ ಚೀಲ ಎತ್ತಿಕೊಂಡು ಎದ್ದರು.

“ಬಾಯಿಬಿಟ್ಟು ಇಲ್ಲ ಅನ್ಬೇಕಿತ್ತು ಕಣಪ್ಪಾ.”